ಮುಕ್ಕಾದ ಹಲ್ಲು

ಬಸ್ಸಿನಲ್ಲಿ ಎದುರು ಸೀಟಿನ ಹೆಂಗಸು ಆಕಳಿಸಿದಳು. ಆಕಳಿಸುವುದು ಅಪರಾಧವೇನಲ್ಲ. ಆದರೆ ಹಲ್ಲುಮೇಸ್ತ್ರಿಯ ಮುಂದೆ ಬಾಯಿ ತೆರೆಯುವುದೆಂದರೆ ಅಕ್ಕಸಾಲಿಗನ ಮುಂದೆ ಸರ ಬಿಚ್ಚಿಟ್ಟ ಹಾಗೆ. ಕಣ್ಣು ಅವನ ಮಾತು ಕೇಳುವುದಿಲ್ಲ. ಆಕೆಯ ಮೇಲಿನ ಕಟ್ಟುಹಲ್ಲಿನ ಸೆಟ್ಟು ಆಕಳಿಕೆಯ ತುದಿಯಲ್ಲಿ ಕೂದಲೆಳೆಯಷ್ಟು ಕೆಳಗಿಳಿದು, ಏನೂ ಆಗಿಲ್ಲವೆಂಬಂತೆ ಮತ್ತೆ ಮೇಲೆ ಹೋಗಿ ಕೂತದ್ದು ಅವನಿಗೆ ಕಂಡಿತು. ಅವನಿಗೆ ಗೊತ್ತಿಲ್ಲದೆಯೇ ಅವನ ಹೆಬ್ಬೆರಳು ಅವನದೇ ಬಾಯಿಯ ಅಂಗಳವನ್ನು ಒತ್ತಿ ನೋಡುತ್ತಿತ್ತು.

"ಏನ್ರೀ ಅದು, ಆಗ್ಲಿಂದ ನನ್ನ ಬಾಯೇ ನೋಡ್ತಿದ್ದೀರಾ?"

ಬೇರೆ ಯಾರೇ ಆಗಿದ್ದರೂ ಕಿಟಕಿಯ ಕಡೆ ತಿರುಗಿ ಮೋಡದ ಬಗ್ಗೆ ಆಸಕ್ತಿ ತೋರಿಸುತ್ತಿದ್ದರು. ಮೇಸ್ತ್ರಿ ನಿಜ ಹೇಳಿಬಿಟ್ಟ.

"ಮೇಲಿನ ಸೆಟ್ಟು ಸಡಿಲ ಆಗಿದೆ ತಾಯಿ. ಹಿಂದ್ಗಡೆ ಅಂಚು ಸ್ವಲ್ಪ ಕಟ್ಟಿಸ್ಬಿಟ್ರೆ ಇನ್ನೊಂದಿಷ್ಟು ವರ್ಷ ಬರುತ್ತೆ."

ದಿನವಿಡೀ ಕಟ್ಟುಹಲ್ಲು ಉಜ್ಜುವ ಮೋಟಾರಿನ ಪಕ್ಕದಲ್ಲಿ ಕೂತು ಕೂತು ಅವನ ಗುಟ್ಟಿನ ದನಿಯೂ ಡಂಗುರದ ದನಿಯಾಗಿತ್ತು. ಡ್ರೈವರಿನ ತನಕ ಕೇಳಿಸಿತು. ಆಕೆಯ ಪಕ್ಕದಲ್ಲಿ ಕೂತಿದ್ದವಳು, ದುರದೃಷ್ಟಕ್ಕೆ, ಆಕೆಯ ಹೊಸ ಬೀಗಿತಿ.

"ಅಯ್ಯೋ, ಕಟ್ಟಿಸಿದ್ದಾ? ನಾನು ನಿಮ್ಮ ಸ್ವಂತದ್ದು ಅಂದ್ಕೊಂಡಿದ್ದೆ!"

ಆಗ ಮೇಸ್ತ್ರಿ ಮಾಡಬಾರದ ಎರಡನೆಯ ಕೆಲಸ ಮಾಡಿದ. ನಕ್ಕ. ಸಣ್ಣಗೆ ಅಲ್ಲ, ಹೊಟ್ಟೆ ಕುಲುಕಿ, ಕಣ್ಣಲ್ಲಿ ನೀರು ಬಂದು, ಸೀಟಿನ ಕಂಬಿ ಹಿಡಿದುಕೊಂಡು. ಕಂಡಕ್ಟರು ಬಂದು ಅವನ ಹೆಗಲು ತಟ್ಟಿದ.

"ಇಳೀರಿ ಸ್ವಾಮಿ, ನಿಮ್ಮ ಸ್ಟಾಪು ಬಂತು."

"ನಂದು ಇನ್ನೂ ಮುಂದಿದೆ."

"ಇಲ್ಲ, ಇವತ್ತು ಇದೇ ನಿಮ್ಮ ಸ್ಟಾಪು."

ಬಸ್ಸು ಹೊರಟುಹೋದ ಮೇಲೆ ನಗು ಇಂಗಿತು. ತಲೆಯೆತ್ತಿ ನೋಡಿದರೆ ಅಕ್ಕನ ಬೀದಿಯ ಬಾಯಿ. ಆರು ವರ್ಷದಿಂದ ಈ ಸ್ಟಾಪು ಬಂದಾಗಲೆಲ್ಲ ಅವನು ಬಸ್ಸಿನ ಇನ್ನೊಂದು ಬದಿಯ ಕಿಟಕಿ ನೋಡುತ್ತಿದ್ದ.

ಹಲ್ಲು ಕಿರಿದು ಬದುಕುವವರುಂಟು, ಹಲ್ಲು ಕಚ್ಚಿ ಬದುಕುವವರುಂಟು. ಅವನು ಹಲ್ಲು ಕಟ್ಟಿ ಬದುಕುವವನು. ಹಲ್ಲಿನ ಡಾಕ್ಟರಮ್ಮನ ಕ್ಲಿನಿಕ್ಕಿನ ಹಿಂದೆ, ಪ್ಲೈವುಡ್ಡಿನ ಗೋಡೆಯಾಚೆ, ಕಿಟಕಿಯೊಂದಿರುವ ಕೋಣೆ ಅವನದು. ಅಲ್ಲಿ ಗಾರೆ ಕಲಸುವ ರಬ್ಬರ್ ಬಟ್ಟಲು, ಮೇಣ ಕರಗಿಸುವ ಸ್ಪಿರಿಟ್ ದೀಪ, ದವಡೆಗಳನ್ನು ಎದುರುಬದುರು ಕಚ್ಚಿಸಿ ನೋಡುವ ಕೀಲಿನ ಯಂತ್ರ, ಬಗೆಬಗೆಯ ಅಳತೆಯ ಹಲ್ಲುಗಳ ಡಬ್ಬಿಗಳು. ಕಟ್ಟಡದ ಮೇಸ್ತ್ರಿಯ ಹಾಗೆ ಇವನಿಗೂ ಗಾರೆ, ನೀರು, ಮಟ್ಟ ಎಲ್ಲ ಬೇಕು. ವ್ಯತ್ಯಾಸ ಇಷ್ಟೇ: ಇವನು ಕಟ್ಟಿದ ಮನೆಯಲ್ಲಿ ನಾಲಿಗೆ ಸಂಸಾರ ಮಾಡುತ್ತದೆ. ಈ ಕೆಲಸಕ್ಕೆ ಅವನನ್ನು ಸೇರಿಸಿದವಳು ಅಕ್ಕ. ಡಾಕ್ಟರಮ್ಮನ ಅಪ್ಪ, ಹಳೆಯ ಡಾಕ್ಟರು, ಇದ್ದ ಕಾಲ ಅದು. "ಇವನಿಗೆ ಕೂತು ಮಾಡೋ ಕೆಲಸ ಕೊಡಿ ಡಾಕ್ಟ್ರೇ, ನಿಂತ್ರೆ ಗೋಡೆಗೆ ಒರಗ್ತಾನೆ" ಎಂದು ಶಿಫಾರಸು ಮಾಡಿದ್ದಳು.

ಅಕ್ಕನೆಂದರೆ ಬರೀ ಅಕ್ಕನಲ್ಲ. ಅಮ್ಮ ತೀರಿಹೋದಾಗ ಅವನಿಗೆ ಲಾಡಿ ಕಟ್ಟಿಕೊಳ್ಳಲೂ ಬರುತ್ತಿರಲಿಲ್ಲ. ಅಪ್ಪ ಗೋದಾಮಿನ ಕಾವಲುಗಾರ, ಹಗಲು ಮಲಗುವ ಮನುಷ್ಯ. ಸ್ನಾನ ಮಾಡಿಸುವುದು, ಮಗ್ಗಿ ಹೇಳಿಸುವುದು, ಬೈಯುವುದು, ಎಲ್ಲ ಖಾತೆಗಳೂ ಅಕ್ಕನ ಕೈಯಲ್ಲಿದ್ದವು. ಒಮ್ಮೆ ಅಟ್ಟದ ಮೇಲಿನ ಪಾತ್ರೆ ತೆಗೆಯಲು ಅವಳು ಸ್ಟೂಲು ಹತ್ತಿದಳು, ಹಿಡಿದುಕೋ ಎಂದಿದ್ದಳು. ಅವನು ಹಿಡಿದುಕೊಂಡಿದ್ದ. ಬೆನ್ನು ಕಡಿಯಿತು, ಕೈ ಬಿಟ್ಟ. ಅಕ್ಕ ಪಾತ್ರೆಸಮೇತ ಹೊಸ್ತಿಲ ಕಲ್ಲಿಗೆ ಮುಖ ಕೊಟ್ಟು ಬಿದ್ದಳು. ಎದ್ದು ರಕ್ತ ಉಗುಳಿ ಮೊದಲು ಆಡಿದ ಮಾತು "ಸ್ಸೋಮಾರಿ!" ಮೇಲಿನ ಸಾಲಿನ ಮುಂದಿನ ಹಲ್ಲಿನ ಮೂಲೆ ಮುಕ್ಕಾಗಿ, ಆ ಸಂದಿನಿಂದ ಶಿಳ್ಳೆಯೊಂದು ಹಾರಿ ಬಂತು. ಇಬ್ಬರೂ ಬೆಚ್ಚಿದರು. ಹೆದರಿಕೆಗೆ ಅವನಿಗೆ ನಗು ಬಂತು. ಅವನ ಹುಟ್ಟುಗುಣವೇ ಅದು. ಅಳು, ನಗು ಎರಡೂ ಒಂದೇ ಬಾಗಿಲಲ್ಲಿ ಓಡಾಡುತ್ತಿದ್ದವು, ಅವಸರದಲ್ಲಿ ಯಾವುದು ಮೊದಲು ನುಗ್ಗುತ್ತದೋ ಅವನಿಗೇ ಗೊತ್ತಾಗುತ್ತಿರಲಿಲ್ಲ. ಅಪ್ಪ ಕೈಯೆತ್ತಿದರೆ ನಗು. ಪರೀಕ್ಷೆಯಲ್ಲಿ ಸೊನ್ನೆ ಬಂದರೆ ನಗು. ಜಗತ್ತಿಗೆಲ್ಲ ಅದು ಕೊಬ್ಬು. ಅಕ್ಕನಿಗೊಬ್ಬಳಿಗೇ ಅದು ಅಳುವೆಂದು ಗೊತ್ತು. ಅವತ್ತೂ ಅವಳು ಅವನ ನಗು ಮುಗಿಯುವ ತನಕ ಕಾದು, ಮೂಗು ಒರೆಸಿ, ಅಪ್ಪ ಎದ್ದಾಗ "ಒದ್ದೆ ನೆಲದಲ್ಲಿ ಜಾರಿದೆ" ಎಂದಳು.

ಅಲ್ಲಿಂದ ಮುಂದೆ ಅವಳ ಬಾಯಲ್ಲಿ 'ಸ' ಬಂದಾಗಲೆಲ್ಲ ಸಣ್ಣದೊಂದು ಹಕ್ಕಿ ಹಾರುತ್ತಿತ್ತು. ಮದುವೆಯಾಗಿ ಹೋದ ಮೇಲೂ, ಅವನ ತಲೆ ನರೆತ ಮೇಲೂ, ಅವನನ್ನು ಕಂಡರೆ ಮೊದಲ ಮಾತು ಅದೇ: "ಬಂದ್ಯೇನೋ, ಸ್ಸೋಮಾರಿ."

ಆರು ವರ್ಷದ ಹಿಂದೆ ಭಾವ ತೀರಿಕೊಂಡರು. ಮನೆ ತುಂಬ ಭಾವನ ಕಡೆಯವರು. ಅಕ್ಕ ಅತ್ತಿರಲಿಲ್ಲ, ಒಲೆಯ ಮೇಲಿಟ್ಟು ಮರೆತ ಪಾತ್ರೆಯಂತೆ ಒಳಗೊಳಗೇ ಕಾಯುತ್ತ ಕೂತಿದ್ದಳು. ಮೇಸ್ತ್ರಿ ಬಾಗಿಲಲ್ಲಿ ನಿಂತ. ಅವಳು ತಲೆಯೆತ್ತಿ ನೋಡಿದಳು. ತಮ್ಮ ಬಂದ, ಇನ್ನು ಅಳಬಹುದು ಎಂಬ ನೋಟ ಅದು. ಅವನಿಗದು ಅರ್ಥವಾಯಿತು. ಅಳು ಉಕ್ಕಿತು. ಒಳಗಿನ ಆ ಬಾಗಿಲು ತೆರೆಯಿತು. ಹೊರಗೆ ಬಂದದ್ದು ನಗು.

ನೆರೆದವರೆಲ್ಲ ತಿರುಗಿ ನೋಡಿದರು. ಅಷ್ಟು ಕಣ್ಣುಗಳ ಮುಂದೆ ಅದು ಅಳುವೆಂಬುದು ಅಕ್ಕನಿಗೂ ಮರೆತಂತಿತ್ತು. ಅಕ್ಕ ಎದ್ದು ನಿಂತು, ಯಾರೋ ಪರವೂರಿನವರಿಗೆ ಹೇಳುವಂತೆ, "ನೀವು ಹೊರಗೆ ಹೋಗಿ" ಎಂದಳು.

ಜಗಳವಾಗಿದ್ದರೆ ಬಗೆಹರಿಸಬಹುದಿತ್ತು. ಅಕ್ಕ ಜಗಳವಾಡಲಿಲ್ಲ, ಮರ್ಯಾದೆ ಕೊಟ್ಟಳು. ನೆಂಟರ ಮನೆಯ ಮದುವೆಯಲ್ಲಿ ಸಿಕ್ಕರೆ "ಚೆನ್ನಾಗಿದ್ದೀರಾ? ಊಟ ಆಯ್ತಾ?" ಎನ್ನುವಳು. ಬ್ಯಾಂಕಿನ ಮ್ಯಾನೇಜರನ್ನು ಮಾತಾಡಿಸುವಷ್ಟು ಚೆನ್ನಾಗಿ ಮಾತಾಡಿಸುವಳು. ಬಾಗಿಲು ಮುಚ್ಚಿದ್ದರೆ ತಟ್ಟಬಹುದು. ತೆರೆದ ಬಾಗಿಲಲ್ಲಿ ಕೈಮುಗಿದು ನಿಂತವರನ್ನು ಏನು ಮಾಡುವುದು?

ಆ ಸಂಜೆ, ಬಸ್ಸಿನಿಂದ ಇಳಿಸಲ್ಪಟ್ಟವನು, ಮನೆಯ ಕಡೆ ನಡೆಯಬೇಕಾದ ಕಾಲುಗಳನ್ನು ಅಕ್ಕನ ಬೀದಿಗೆ ಬಿಟ್ಟ. ಅವಳ ಮನೆಯೆದುರಿಗೇ ದೊಡ್ಡದೊಂದು ಹಲ್ಲಿನ ಆಸ್ಪತ್ರೆ ಆಗಿತ್ತು. ಬೋರ್ಡಿನ ಹಲ್ಲಿಗೆ ಕಣ್ಣು ಮೂಗು ಬರೆದು, ಅದಕ್ಕೂ ಒಂದು ಬಾಯಿ, ಬಾಯೊಳಗೆ ಮತ್ತೆ ಹಲ್ಲು. ಅದರ ಕಂಬದ ಮರೆಯಲ್ಲಿ ನಿಂತು ನೋಡಿದ. ಕಿಟಕಿಯೊಳಗೆ ದೀಪದ ಕೆಳಗೆ ಅಕ್ಕ ಹೊಲಿಗೆಯಂತ್ರ ತುಳಿಯುತ್ತಿದ್ದಳು. ಶಾಲೆಮಕ್ಕಳ ಸಮವಸ್ತ್ರ, ಒಂದರ ಮೇಲೊಂದು ರಾಶಿ. ಹೊಲಿಗೆ ಮುಗಿಯಿತು. ದಾರ ಕಡಿಯಬೇಕು. ಅವನಿಗೆ ಗೊತ್ತಿದ್ದಂತೆ ಅಕ್ಕ ತಲೆ ಬಗ್ಗಿಸಿ ಟಕ್ಕನೆ ಹಲ್ಲಲ್ಲಿ ಕಡಿಯುವವಳು. ಈಗ ಅವಳ ಕೈ ಎದೆಯ ಮೇಲೆ ತಡಕಾಡಿತು. ಕುತ್ತಿಗೆಯಲ್ಲಿ ಲಾಡಿ, ಲಾಡಿಯಲ್ಲಿ ಕತ್ತರಿ. ದಾರ ಕತ್ತರಿಸಿ, ಕತ್ತರಿಯನ್ನು ಬಿಟ್ಟಳು. ಅದು ತೂಗಾಡಿತು.

ಕತ್ತರಿ ನೋಡಿ ಅವನಿಗೆ ಬಾಯಿಯೊಳಗಿನ ಸುದ್ದಿಯೆಲ್ಲ ತಿಳಿಯಿತು. ಮೇಲಿನ ಹಲ್ಲುಗಳು ಹೋಗಿವೆ. ಅಂದರೆ ಆ ಮುಕ್ಕೂ ಹೋಗಿದೆ. ಇನ್ನು ಯಾವತ್ತಾದರೂ ಅವಳು ಮನಸ್ಸು ಕರಗಿ ಬೈದರೂ ಆ ಶಿಳ್ಳೆ ಬರುವುದಿಲ್ಲ.

"ಅಕ್ಕ ಬೈತಿಲ್ಲ ಅಂತ ಕೊರಗೋ ಗಂಡಸು ಲೋಕದಲ್ಲಿ ನೀವೊಬ್ಬರೇ" ಎಂದಳು ಹೆಂಡತಿ ಆ ರಾತ್ರಿ, ಒಣಗಿದ ಬಟ್ಟೆ ಮಡಚುತ್ತ. "ಬೈಸ್ಕೊಳ್ಳೋ ಆಸೆ ಇದ್ರೆ ನಾನಿಲ್ವಾ? ಬಸ್ ಚಾರ್ಜೂ ಉಳಿಯುತ್ತೆ."

"ನೀನು ಬೈದ್ರೆ ನಾನು ಗಂಡ ಆಗ್ತೀನಿ ಕಣೇ. ಅವಳು ಬೈದ್ರೆ ತಮ್ಮ ಆಗ್ತೀನಿ."

ಹೆಂಡತಿಯ ಕೈಯಲ್ಲಿ ಅಂಗಿ ಅರ್ಧ ಮಡಿಕೆಯಲ್ಲಿ ನಿಂತಿತು. "ಇದನ್ನ ನನಗ್ಯಾಕೆ ಹೇಳ್ತೀರಿ? ಅವರ ಹತ್ರ ಹೇಳಿ."

"ಹೇಳೋಕೆ ಹೋದ್ರೆ ನಗು ಬಂದ್ಬಿಟ್ರೆ?"

"ಬರ್ಲಿ. ಆರು ವರ್ಷದಿಂದ ಮುಖ ಊದಿಸ್ಕೊಂಡಿದ್ದಕ್ಕೆ ಏನು ಬಂತು?"

ಕ್ಲಿನಿಕ್ಕಿನ ಮುಂಗೋಣೆಯಲ್ಲಿ ಹಳೆಯ ವಾರಪತ್ರಿಕೆಗಳ ಗುಡ್ಡೆಯಿತ್ತು. ಅದರಲ್ಲೊಂದರಲ್ಲಿ ಮನಶ್ಶಾಸ್ತ್ರದ ಪುಟ: ಮುರಿದ ಸಂಬಂಧ ಕೂಡಿಸುವುದು ಹೇಗೆ. ಎದುರಿನವರನ್ನು ದೂರಬೇಡಿ, 'ನೀನು ಹೀಗೆ ಮಾಡಿದೆ' ಎನ್ನದೆ 'ನನಗೆ ಹೀಗನ್ನಿಸುತ್ತಿದೆ' ಎಂದು ಆರಂಭಿಸಿ. ಮಾತು ಮೇಸ್ತ್ರಿಗೆ ಹಿಡಿಸಿತು. ಹಲ್ಲನ್ನೂ ಹಾಗೆಯೇ ಕೂಡಿಸಬೇಕು, ಎದುರಿನದ್ದನ್ನು ಉಜ್ಜದೆ. ಆದರೆ ಎದುರಿನವರು ಸರಿಯಾಗಿ ಉತ್ತರಿಸದಿದ್ದರೆ ಏನು ಮಾಡಬೇಕೆಂಬ ಭಾಗ ಇದ್ದ ಕೆಳಗಿನ ಅರ್ಧವನ್ನು, ಹಿಂಬದಿಯ ಪದಬಂಧದ ಆಸೆಗೆ, ಯಾವನೋ ಹಲ್ಲುನೋವಿನವನು ಹರಿದುಕೊಂಡು ಹೋಗಿದ್ದ. ಇದ್ದಷ್ಟೇ ವಿದ್ಯೆಯಲ್ಲಿ ಮೇಸ್ತ್ರಿ ಫೋನು ಹಚ್ಚಿದ.

"ಅಕ್ಕಾ, ನಾನು."

"ಹೇಳಿ."

"ನನಗೆ ಬೇಜಾರಾಗಿದೆ."

"ಹೌದಾ. ಯಾರಾದ್ರೂ ಡಾಕ್ಟ್ರಿಗೆ ತೋರ್ಸಿ."

"ಹಾಗಲ್ಲ. ನನಗೆ ಏನನ್ನಿಸ್ತಿದೆ ಅಂದ್ರೆ..."

ಪುಟ ಹರಿದಿದ್ದು ಇಲ್ಲಿಯೇ. ಏನನ್ನಿಸುತ್ತಿದೆ ಎಂಬುದರ ಹಿಂದಿನಿಂದ ನಗು ತಳ್ಳತೊಡಗಿತು. ಅದು ಹೊರಬೀಳುವ ಮೊದಲೇ ಏನಾದರೂ ಹೇಳಬೇಕೆಂದು ಅವನು ಬಾಯಿಗೆ ಬಂದದ್ದನ್ನು ಹೇಳಿದ. "ಕುತ್ತಿಗೇಲಿ ಕತ್ತರಿ ಹಾಕ್ಕೊಂಡು ಹೊಲೀತಿದ್ದೆ ನೀನು. ಚುಚ್ಚಿಗಿಚ್ಚೀತು. ಹಲ್ಲು ಕಟ್ಟಿಸ್ಕೋ ಅಕ್ಕ."

ಆ ಕಡೆ ಹೊಲಿಗೆಯಂತ್ರ ನಿಂತ ಸದ್ದು. ಆಮೇಲೆ ಅಕ್ಕನ ದನಿ, ಮೇಲಿನ ಹಲ್ಲಿಲ್ಲದ ಬಾಯಲ್ಲಿ ಗಾಳಿ ಸೋರುತ್ತ: "ಕಿಟಕೀಲಿ ಇಣುಕೋರು ಬಾಗಿಲು ತಟ್ಟಬಹುದಿತ್ತು." ಫೋನು ಇಟ್ಟಳು.

ಈ ಮಾತನ್ನು ಅವನು ಬಹಳ ದಿನ ಬಾಯಲ್ಲಿಟ್ಟುಕೊಂಡು ಚೀಪಿದ. ಬೈಗುಳವೆ? ಬೈಗುಳದ ಹತ್ತಿರದ ನೆಂಟನೆ? ಕರೆಯೆ? ಕರೆಯೆಂದುಕೊಂಡರೆ ಆಸೆ ಹುಟ್ಟುತ್ತಿತ್ತು. ಆಸೆಗೆ ಹೆದರಿ ಅದನ್ನು ಬೈಗುಳದ ಕಡೆಯೇ ಜಮಾ ಮಾಡಿಕೊಂಡ. ಹೋಗಿ ಬಾಗಿಲು ತಟ್ಟಲಿಲ್ಲ. ಬಸ್ಸಿನಲ್ಲಿ ಮಾತ್ರ ಈಗ ಅವಳ ಬೀದಿಯ ಬದಿಯ ಕಿಟಕಿಗೇ ಕೂರುತ್ತಿದ್ದ.

ಒಂದು ಬೆಳಿಗ್ಗೆ ಡಾಕ್ಟರಮ್ಮ ಎಂದಿನಂತೆ ಯಾರದೋ ಬಾಯಿಯ ಹೊಸ ಅಚ್ಚನ್ನು ಅವನ ಮೇಜಿನ ಮೇಲಿಟ್ಟು ಹೋದರು. ಮೇಲೆ ಪೂರಾ ಸೆಟ್ಟು, ಕೆಳಗೆ ಅಕ್ಕಪಕ್ಕದ ಹಲ್ಲುಗಳು ಮಾತ್ರ. ಅಚ್ಚಿಗೆ ಹೆಸರಿರುವುದಿಲ್ಲ, ನಂಬರು ಮಾತ್ರ. ಅವನು ಗಾರೆ ಕಲಸಿ ಹೊಯ್ದು, ಒಣಗಿದ ಮೇಲೆ ಬಿಡಿಸಿದ. ಕೆಳದವಡೆಯಲ್ಲಿ ಮುಂದಿನ ಹಲ್ಲುಗಳು ಉಳಿದಿದ್ದವು. ಎಡಗಡೆಯ ಕೋರೆಹಲ್ಲು, ಯಾರೋ ಹಿಂದಿನಿಂದ ಕರೆದಂತೆ, ಅರ್ಧ ತಿರುಗಿ ನಿಂತಿತ್ತು.

ಮೇಸ್ತ್ರಿ ಸ್ಟೂಲಿನ ಮೇಲೆ ಕೂತ. ಕೂತಲ್ಲೇ ಕೂತ. ಆ ಕೋರೆಹಲ್ಲನ್ನು ಅವನು ಬಾಲ್ಯವಿಡೀ ಕೆಳಗಿನಿಂದ ನೋಡಿದ್ದ: ತಲೆ ಬಾಚಿಸಿಕೊಳ್ಳುವಾಗ, ಅನ್ನ ತಿನ್ನಿಸಿಕೊಳ್ಳುವಾಗ, ಬೈಸಿಕೊಳ್ಳುವಾಗ. ಮನೆಯೆದುರಿಗೇ ಕಣ್ಣು ಮೂಗಿನ ಹಲ್ಲಿನ ಆಸ್ಪತ್ರೆ ಇಟ್ಟುಕೊಂಡು ಅಕ್ಕ ಬಸ್ಸು ಹತ್ತಿ ಇಲ್ಲಿಗೆ ಬಂದಿದ್ದಾಳೆ. ಬಂದು, ಪ್ಲೈವುಡ್ಡಿನ ಆಚೆ ಬಾಯಿ ತೆರೆದು ಕೂತು, ಅವನನ್ನು ಕರೆಯದೆ ಹೋಗಿದ್ದಾಳೆ. ಅವನೋ ಈಚೆ ಮೋಟಾರು ಹಾಕಿಕೊಂಡು ಯಾರದೋ ದವಡೆ ಉಜ್ಜುತ್ತಿದ್ದ.

ಮೇಣದ ಮೇಲೆ ಹಲ್ಲು ಕೂರಿಸುವಾಗ ಅವನು ಹಿಂದೆಂದೂ ಅಷ್ಟು ಹೊತ್ತು ತೆಗೆದುಕೊಂಡಿರಲಿಲ್ಲ. ಬಣ್ಣ ಹಿಡಿದು ನೋಡಿದ, ತೆಗೆದ. ಇನ್ನೊಂದು ಹಿಡಿದು ನೋಡಿದ. ಡಾಕ್ಟರಮ್ಮ ಹಣಿಕಿದರು.

"ಏನು ಮೇಸ್ತ್ರಿ, ಮಹಾರಾಣಿಗೆ ಮಾಡ್ತಿದ್ದೀರಾ?"

"ಮಹಾರಾಣೀನೇ ಮೇಡಂ. ಕಿರೀಟ ಮಾತ್ರ ಇಲ್ಲ."

ಸೆಟ್ಟು ಗಟ್ಟಿಯಾಗುವ ಮುಂಚೆ ಮೇಣದ ಮಾದರಿಯನ್ನೇ ಬಾಯಿಗಿಟ್ಟು ನೋಡುವುದು ಪದ್ಧತಿ. ಆ ದಿನ ಅವನು ಮೋಟಾರು ಆರಿಸಿ, ಪ್ಲೈವುಡ್ಡಿಗೆ ಕಿವಿ ಕೊಟ್ಟು ನಿಂತ.

"ಸಾಸಿವೆ ಅನ್ನಿ ಅಮ್ಮ" ಎಂದರು ಡಾಕ್ಟರಮ್ಮ. ಹಲ್ಲು ಸರಿ ಕೂತಿದೆಯೋ ಇಲ್ಲವೋ ಸಾಸಿವೆ ಹೇಳಿಬಿಡುತ್ತದೆ.

"ಸಾಸಿವೆ."

"ಫಸ್ಟ್ ಕ್ಲಾಸ್!"

ಫಸ್ಟ್ ಕ್ಲಾಸೇ. ರೇಡಿಯೋದಲ್ಲಿ ಹವಾಮಾನ ಓದುವವರ ಸಾಸಿವೆ. ನುಣ್ಣಗೆ, ದುಂಡಗೆ, ಒಂದು ಬಿರುಕಿಲ್ಲದೆ. ಅವನ ಕೈಯಾರೆ ಮಾಡಿದ ಹಲ್ಲುಗಳ ನಡುವಿನಿಂದ ಯಾವಳೋ ಅಪರಿಚಿತೆ ಮಾತಾಡಿದ್ದಳು. ಮರ್ಯಾದಸ್ಥೆ. ಊಟ ಆಯ್ತಾ ಎಂದು ಕೇಳುವವಳು. ಮಾಡಿದ ಕೆಲಸ ಚೆನ್ನಾಗಿದೆಯೆಂದು ಅಷ್ಟು ದುಃಖಪಟ್ಟದ್ದು ಅವನ ಜೀವನದಲ್ಲಿ ಅದೇ ಮೊದಲು. ಹೋಗಿ ಬಾಗಿಲು ತೆರೆಯಬೇಕೆಂದುಕೊಂಡ. ಕೈ ಚಿಲಕದ ತನಕ ಹೋಯಿತು. ಆಚೆ ಚಪ್ಪಲಿಯ ಸದ್ದು ದೂರವಾಯಿತು.

ಸೆಟ್ಟು ಬೆಂದಿತು, ತಣಿಯಿತು, ಹೊಳಪು ಬಂತು. ಎಲ್ಲ ಮುಗಿದ ಮೇಲೆ ಮೇಸ್ತ್ರಿ ಅದನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳ್ಳೆಯ ಕೆಲಸಗಾರ ಇಲ್ಲಿಗೆ ನಿಲ್ಲಿಸುತ್ತಾನೆ. ಅವನು ಉಜ್ಜುವ ಅರಗಳಲ್ಲಿ ಎಲ್ಲಕ್ಕಿಂತ ಸಣ್ಣದನ್ನು ತೆಗೆದುಕೊಂಡ.

ಮುಂದಿನ ಹಲ್ಲಿನ ಹೊರಮೂಲೆಗೆ ಅರ ತಾಗಿಸಿ ಕಣ್ಣು ಮುಚ್ಚಿದ. ಹೊಸ್ತಿಲು, ಉರುಳುವ ಪಾತ್ರೆ, ರಕ್ತದ ನಡುವೆ ಹೊಸದಾಗಿ ತೆರೆದ ಆ ಸಣ್ಣ ಓರೆ. ಎರಡೆಳೆ ಉಜ್ಜಿದ. ಸಾಲದು. ಇನ್ನೊಂದು ಎಳೆ. ಬಟ್ಟೆಯಲ್ಲಿ ಒರೆಸಿ, ಅತ್ತಿತ್ತ ನೋಡಿ, ಸೆಟ್ಟನ್ನು ತುಟಿಯ ಹತ್ತಿರ ಹಿಡಿದು ಮೆಲ್ಲಗೆ ಊದಿದ. ಏನೂ ಕೇಳಿಸಲಿಲ್ಲ. ಗಾಳಿ ಊದಿದರೆ ಅಕ್ಕ ಬರುತ್ತಾಳೆಯೆ? ಅದಕ್ಕೆ ಅವಳ ನಾಲಿಗೆಯೇ ಬೇಕು, ಅವಳ ಸಿಟ್ಟೇ ಬೇಕು. ಮಧ್ಯಾಹ್ನವೆಲ್ಲ ಹೀಗೆ ಕಳೆಯಿತು: ಒಂದೆಳೆ ಉಜ್ಜುವುದು, ನೆನಪಿಗೆ ಹೊಂದಿಸಿ ನೋಡುವುದು. ಅಳತೆಗೆ ಬಂದಾಗ ಅರ ಕೆಳಗಿಟ್ಟ. ಒಡೆದ ಪಾತ್ರೆಯನ್ನು ಜೋಡಿಸಿದವರುಂಟು. ಜೋಡಿಸಲೆಂದು ಒಡೆದವನು ಅವನೊಬ್ಬನೇ ಇರಬೇಕು.

ಅಕ್ಕ ಬಂದ ದಿನ ಅವನು ಸ್ಟೂಲಿನ ಮೇಲೆ ಕೂತು ಕೈಗಳನ್ನು ತೊಡೆಯ ಕೆಳಗೆ ಇಟ್ಟುಕೊಂಡಿದ್ದ. ಆಚೆ ಕುರ್ಚಿ ಕಿರುಗುಟ್ಟಿತು, ನೀರಿನ ಲೋಟ ಇಟ್ಟ ಸದ್ದಾಯಿತು. ಆಮೇಲೆ ಡಾಕ್ಟರಮ್ಮನ ದನಿ:

"ಅಯ್ಯೋ, ಇದೇನಿದು! ಮುಂದಿನ ಹಲ್ಲು ಮುಕ್ಕಾಗಿದೆ. ಮೊನ್ನೆ ನೋಡ್ದಾಗ ಸರಿಯಾಗಿತ್ತಲ್ಲ? ಕ್ಷಮಿಸಿ ಅಮ್ಮ, ತೆಗೀರಿ, ಬೇರೆ ಮಾಡಿಸ್ಕೊಡ್ತೀನಿ."

"ಕನ್ನಡಿ ಕೊಡಿ" ಎಂದಳು ಅಕ್ಕ.

ಈಚೆ ಸ್ಪಿರಿಟ್ ದೀಪ ತಾನಾಗಿ ಆರಿಹೋಯಿತು. ಆಮೇಲೆ, ಯಾರೂ ಹೇಳೆನ್ನದೆಯೇ, ಬಹಳ ಮೆಲ್ಲಗೆ:

"ಸ್ಸಾಸ್ಸಿವೆ."

ಹಕ್ಕಿ ಪ್ಲೈವುಡ್ಡು ದಾಟಿ ಈಚೆ ಬಂತು. ಮೇಸ್ತ್ರಿ ತೊಡೆಯ ಕೆಳಗಿನ ಕೈಗಳನ್ನು ಬಿಗಿಹಿಡಿದ. ಇನ್ನೊಮ್ಮೆ ಬಂತು, ಈ ಸಲ ಸ್ವಲ್ಪ ಗಟ್ಟಿಯಾಗಿ, ಪರೀಕ್ಷೆ ಮಾಡುವಂತೆ. ಕುರ್ಚಿ ಕಿರುಗುಟ್ಟಿತು. ಚಪ್ಪಲಿ ಸದ್ದು. ಬಾಗಿಲು ತೆರೆಯಿತು.

ಅಕ್ಕ ನಿಂತಿದ್ದಳು. ಕುತ್ತಿಗೆಯಲ್ಲಿ ಲಾಡಿಯ ಗುರುತು, ಕತ್ತರಿ ಇರಲಿಲ್ಲ. ಅವಳ ಹಿಂದೆ ಡಾಕ್ಟರಮ್ಮ, ಕೈಯಲ್ಲಿ ಕನ್ನಡಿ.

"ಇದು ನಿಮ್ಮ ಕೆಲಸ್ಸಾನಾ?"

"ಹೌದು."

"ಮೊದಲು ಸ್ಸರಿಯಾಗೇ ಇತ್ತಂತೆ."

"ಇತ್ತು."

ಅಕ್ಕ ತಲೆಯೆತ್ತಿ ಅವನನ್ನು ನೋಡಿದಳು. ಆರು ವರ್ಷದ ಹಿಂದೆ ನೋಡಿದ ಅದೇ ನೋಟ. ಮೇಸ್ತ್ರಿಗೆ ಗೊತ್ತಾಯಿತು, ತನ್ನ ಕಥೆ ಮುಗಿಯಿತು. ಹಲ್ಲು ಕಚ್ಚಿದ. ತುಟಿ ಕಚ್ಚಿದ. ಬಾಗಿಲು ತೆರೆಯಿತು, ಹೊರಗೆ ಬಂದದ್ದು ನಗು. ಹೊಟ್ಟೆ ಕುಲುಕಿ, ಕಣ್ಣಲ್ಲಿ ನೀರು ಬಂದು, ಮೇಜಿನ ಅಂಚು ಹಿಡಿದುಕೊಂಡು ನಕ್ಕ. ಗಾರೆಯ ಪುಡಿ ಮೆತ್ತಿದ ಕೆನ್ನೆಯ ಮೇಲೆ ಎರಡು ಕಾಲುವೆ ಬಿದ್ದವು.

ಅಕ್ಕ ಹೋಗಲಿಲ್ಲ. ಸ್ಟೂಲಿನ ಪಕ್ಕದಲ್ಲಿ ನಿಂತು, ಅದು ಮುಗಿಯುವ ತನಕ ಕಾದಳು. ಮುಗಿದ ಮೇಲೆ ಸೆರಗಿನ ತುದಿಯಲ್ಲಿ ಅವನ ಮುಖ ಒರೆಸಿದಳು, ಒಂದಿಷ್ಟು ಒರಟಾಗಿಯೇ, ಮೂಗಿನ ಸಮೇತ. ಅವಳ ಕಣ್ಣೂ ತುಂಬಿತ್ತು. ಆರು ವರ್ಷದ್ದೆಲ್ಲ ಅಲ್ಲೇ ರೆಪ್ಪೆಯ ಅಂಚಿಗೆ ಬಂದು ಸಾಲಾಗಿ ನಿಂತಿತ್ತು.

"ಯಾಕೋ ಹೀಗೆ ಮಾಡ್ದೆ?" ಎಂದಳು.

ಹಲ್ಲಿನ ಬಗ್ಗೆ ಕೇಳಿದಳೋ, ಆ ದಿನದ ಬಗ್ಗೆ ಕೇಳಿದಳೋ. ಎರಡಕ್ಕೂ ಅವನ ಹತ್ತಿರ ಉತ್ತರವಿತ್ತು. ಹೆಂಡತಿಗೆ ಹೇಳಿದ್ದ ಮಾತಿತ್ತು. ಹರಿದ ಪುಟದ ಮೇಲರ್ಧವಿತ್ತು. ಕೆಳಗಿನ ಅರ್ಧವೂ ಈಗ ಅವನಿಗೆ ಗೊತ್ತಾದ ಹಾಗಿತ್ತು. ಡಾಕ್ಟರಮ್ಮ, ಏನೂ ಅರ್ಥವಾಗದಿದ್ದರೂ, ಕನ್ನಡಿ ಇಟ್ಟು ಕರವಸ್ತ್ರ ತೆಗೆದು ಸಿದ್ಧರಾಗಿದ್ದರು. ಅಕ್ಕ ಅವನ ಬಾಯನ್ನೇ ನೋಡುತ್ತಿದ್ದಳು.

ಮೇಸ್ತ್ರಿ ಮೂಗೆಳೆದುಕೊಂಡು, ಹಳೆಯ ಸೋಮಾರಿಯ ಹಾಗೆ ಗೋಡೆಗೆ ಒರಗಿದ.

"ಚೆನ್ನಾಗಿದ್ದ ಹಲ್ಲು ಕೈಜಾರಿ ಮೇಜಿನ ಕೆಳಗೆ ಬಿದ್ದೋಯ್ತು ಅಕ್ಕ. ಬಗ್ಗಿ ಹುಡುಕೋರು ಯಾರು ಅಂತ, ಡಬ್ಬೀಲಿದ್ದ ಮುಕ್ಕನ್ನೇ ಹಾಕ್ಬಿಟ್ಟೆ."